ಒಳಕೋಣೆಯ ಹನ್ನೊಂದು ಲೆಕ್ಕ

ನಮ್ಮ ಬೀದಿಯಲ್ಲಿ ನನ್ನ ನಾದಿನಿಗೆ ಇದ್ದ ಹೆಸರು ‘ಬಾಗಿಲು ಹಾಕಿ’. ಹಾಲಿನವರು ಬರಲಿ, ಕರೆಂಟಿನ ಮೀಟರು ನೋಡುವವರು ಬರಲಿ, ಪಕ್ಕದ ಮನೆಯಾಕೆ ಬೆಂಕಿಪೊಟ್ಟಣ ಕೇಳಲು ಬರಲಿ, ಅವಳ ಬಾಯಿಂದ ಹೊರಡುವ ಮೊದಲ ಮಾತು ‘ಬಾಗಿಲು ಹಾಕಿ’. ಬನ್ನಿ, ಕೂತ್ಕೊಳ್ಳಿ ಎಲ್ಲ ಆಮೇಲೆ. ಒಳಗಿನ ತಂಪು ಒಂದು ಎಳೆಯಷ್ಟೂ ಆಚೆ ಹೋಗಬಾರದು, ಹೊರಗಿನ ಧೂಳು ಒಂದು ಚಿಟಿಕೆಯಷ್ಟೂ ಒಳಗೆ ಬರಬಾರದು. ಮನೆಯವರಾದ ನಾವು ಮಾತ್ರ ಅವಳನ್ನು ಕಡ್ಡಿ ಎನ್ನುತ್ತಿದ್ದೆವು. ಹುಟ್ಟಿದಾಗ ಕಡ್ಡಿಯ ಹಾಗಿದ್ದಳಂತೆ. ಐವತ್ತೆಂಟು ದಾಟಿದರೂ ಹಾಗೇ ಇದ್ದಾಳೆ, ಗಾಳಿ ಜೋರಾಗಿ ಬೀಸಿದರೆ ಕೈ ಹಿಡಿದುಕೊಳ್ಳಬೇಕು.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಕಡ್ಡಿಯ ಬಗ್ಗೆ ಬರೆಯಬೇಕೆಂದರೆ ಅವಳ ಯಂತ್ರದ ಬಗ್ಗೆಯೂ ಬರೆಯಬೇಕು, ಅದು ನನಗೆ ತಿಳಿದದ್ದು ಅಷ್ಟಕ್ಕಷ್ಟೆ. ಅವಳು ನನಗೆ ಹೇಗೆ ಹೇಳಿದಳೋ ಹಾಗೇ ಬರೆಯುತ್ತೇನೆ.

ಅವಳು ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು. ಅಲ್ಲೊಬ್ಬ ಮೇಷ್ಟ್ರು ಇದ್ದರು. ಹಾವಿನ ವಿಷದಲ್ಲಿ ಒಂದು ಕಣ ಇದೆಯಂತೆ. ಅದು ದಾರದ ಹಾಗೆ ಉದ್ದಕ್ಕೆ ಹುಟ್ಟಿ, ಕಣ್ಣು ಮಿಟುಕಿಸುವುದರೊಳಗೆ ತನ್ನಷ್ಟಕ್ಕೆ ಮಡಚಿಕೊಂಡು ಗಂಟಾಗುತ್ತದೆ. ಗಂಟು ಹೇಗೆ ಬಿದ್ದಿದೆ ಎಂದು ಗೊತ್ತಾದರೆ ಅದಕ್ಕೆ ಸರಿಯಾಗಿ ಕೂರುವ ಮದ್ದು ಹುಡುಕಬಹುದು. ಆದರೆ ಒಂದು ದುಪ್ಪಟಿಯನ್ನೇ ನಾವು ಹತ್ತು ಥರ ಮಡಚುತ್ತೇವೆ, ಆ ದಾರ ಮಡಚುವ ದಾರಿಗಳು ಲಕ್ಷಗಟ್ಟಲೆ. ಒಂದೇ ಯಂತ್ರ ಕೂತು ಎಲ್ಲ ದಾರಿಯನ್ನೂ ಲೆಕ್ಕ ಹಾಕಿ ನೋಡಬೇಕೆಂದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಅದಕ್ಕೆ ಮೇಷ್ಟ್ರು ಆ ಲೆಕ್ಕವನ್ನು ಚೂರು ಚೂರು ಮಾಡಿ ಊರೂರಿನ, ದೇಶದೇಶದ ಜನರ ಮನೆಯ ಕಂಪ್ಯೂಟರುಗಳಿಗೆ ಹಂಚಿದರು. ಮೂವತ್ತು ಸಾವಿರ ಜನ, ಯಾರೂ ಯಾರ ಮುಖವನ್ನೂ ಕಂಡವರಲ್ಲ. ತಮ್ಮ ಕೆಲಸ ಮುಗಿದು ಕಂಪ್ಯೂಟರು ಸುಮ್ಮನೆ ಕೂತಿರುವಾಗ ನಮ್ಮ ಲೆಕ್ಕ ಮಾಡಲಿ ಎಂದು ಬಿಟ್ಟುಕೊಟ್ಟವರು. ಪುಣ್ಯಾತ್ಮರು ಎಂದೇ ಹೇಳಬೇಕು.

ಹಂಚುವುದಕ್ಕೆ, ತಿರುಗಿ ಬಂದದ್ದನ್ನು ತಾಳೆ ನೋಡುವುದಕ್ಕೆ, ಜೋಪಾನವಾಗಿ ಇಡುವುದಕ್ಕೆ ಒಂದು ಕಡೆ ಯಂತ್ರ ಬೇಕಲ್ಲ, ಅದೇ ಸರ್ವರ್. ನೋಡಲು ಅಡ್ಡ ಮಲಗಿಸಿದ ಎರಡು ಸೂಟ್‌ಕೇಸು, ಅದರ ಕೆಳಗೆ ಒಂದು ಡಿಸ್ಕ್ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಎಂಟು ಗೂಡು, ಗೂಡಿಗೊಂದು ಡಿಸ್ಕು, ಡಿಸ್ಕಿಗೊಂದು ಹಸಿರು ದೀಪ. ಒಂದು ಚೂರು ಲೆಕ್ಕವನ್ನು ಇಬ್ಬರು ಬೇರೆ ಬೇರೆ ಜನರಿಗೆ ಕೊಡುತ್ತದೆ. ಇಬ್ಬರ ಉತ್ತರವೂ ಒಂದೇ ಬಂದರೆ ಸರಿ ಎಂದು ಎತ್ತಿಡುತ್ತದೆ. ಬೇರೆ ಬಂದರೆ ಮೂರನೆಯವರಿಗೆ ಕಳಿಸುತ್ತದೆ, ಆಮೇಲೆ ನಾಲ್ಕನೆಯವರಿಗೆ. ಹೀಗೆ ಹತ್ತು ಸಲ. ಹತ್ತು ಸಲಕ್ಕೂ ತಾಳೆ ಬೀಳದಿದ್ದರೆ ಇದು ಬಗೆಹರಿಯದ ಲೆಕ್ಕ ಎಂದು ಕೈಬಿಡುತ್ತದೆ. ಈ ಹತ್ತರ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೇಷ್ಟ್ರು ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಬಿದ್ದವರು ಏಳಲಿಲ್ಲ. ಮೂರು ತಿಂಗಳಲ್ಲಿ ಕಾಲೇಜಿನವರು ಆ ಕೋಣೆಯಲ್ಲಿ ಕುರ್ಚಿ ಮೇಜು ಪೇರಿಸಬೇಕು, ಈ ಹಳೇ ಸಾಮಾನು ಗುಜರಿಗೆ ಹೋಗಲಿ ಎಂದರು. ಕಡ್ಡಿ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಟೆಂಪೋದಲ್ಲಿ ಹಾಕಿಕೊಂಡು ಮನೆಗೆ ಬಂದಳು. ಕೆಲಸವನ್ನೂ ಬಿಟ್ಟೇ ಬಂದಿದ್ದಳು.

ನನ್ನ ಯಜಮಾನರು ಪುಸ್ತಕದ ಬೈಂಡಿಂಗ್ ಮಾಡುತ್ತಿದ್ದರು. ಮನೆಯ ನಟ್ಟನಡುವೆ ಕಿಟಕಿಯೇ ಇಲ್ಲದ ಒಂದು ಒಳಕೋಣೆ. ಅಲ್ಲಿ ಅವರ ಕಾಗದದ ಕಟ್ಟು, ಅಂಟಿನ ಡಬ್ಬಿ, ಒತ್ತುವ ಯಂತ್ರ ಇರುತ್ತಿದ್ದವು. ಅವರು ಹೋಗಿ ಆಗಿನ್ನೂ ವರ್ಷವಾಗಿರಲಿಲ್ಲ.

“ಹೇಗೂ ಖಾಲಿ ಬಿದ್ದಿದೆ ಅತ್ತಿಗೆ,” ಎಂದಳು ಕಡ್ಡಿ. “ಆರು ತಿಂಗಳು, ಅಷ್ಟೇ.”

ಆರು ತಿಂಗಳು ಒಂಬತ್ತು ವರ್ಷವಾಯಿತು.

ಅದರ ಸದ್ದು ಹೇಗಿತ್ತೆಂದು ಹೇಳಬೇಕು. ಅದರೊಳಗೆ ಬೆರಳುದ್ದದ ಫ್ಯಾನುಗಳು, ಒಂದಲ್ಲ, ಹದಿನಾಲ್ಕು. ನೀರು ಕುದಿಯುವ ಮುಂಚೆ ಪಾತ್ರೆ ಒಂದು ಥರ ಕೂಗುತ್ತದಲ್ಲ, ಆ ಕೂಗು. ಪಾತ್ರೆಯಾದರೆ ಕುದ್ದು ಸುಮ್ಮನಾಗುತ್ತದೆ. ಇದು ಸುಮ್ಮನಾಗಲೇ ಇಲ್ಲ. ನಾವಿಬ್ಬರೂ ಮಾತಾಡುವುದು ಜಗಳದ ಹಾಗೆ ಕೇಳಿಸುತ್ತಿತ್ತು. “ಅತ್ತಿಗೆ ನಾದಿನಿಗೆ ಆಗಿಬರಲ್ಲ, ಇಪ್ಪತ್ತನಾಲ್ಕು ಗಂಟೆ ಕಿತ್ತಾಡ್ತಾರೆ” ಎಂದು ಬೀದಿಯವರು ಹೇಳಿಕೊಳ್ಳುತ್ತಿದ್ದರಂತೆ. ನಾವು ಆಗ ಬೇಳೆಗೆ ಉಪ್ಪು ಹಾಕಿದ್ದಾಯಿತೇ ಎಂದು ಕೇಳುತ್ತಿದ್ದೆವು, ಅಷ್ಟೆ.

ಯಂತ್ರಕ್ಕೆ ಸೆಕೆ ಆಗಬಾರದೆಂದು ಆ ಕೋಣೆಗೆ ಎಸಿ ಹಾಕಿಸಿದೆವು. ಅದರ ನೀರು ಹೊರಗೆ ಹೋಗಲು ಇಳಿಜಾರು ಸಿಗಲಿಲ್ಲ. ಪೈಪಿನ ಕೆಳಗೆ ಒಂದು ಬಕೆಟ್ ಇಟ್ಟೆವು. ಐದು ಗಂಟೆಗೊಮ್ಮೆ ಅದು ತುಂಬುತ್ತಿತ್ತು, ಚೆಲ್ಲುವುದು ನನ್ನ ಪಾಲಿನ ಕೆಲಸ. ಕರೆಂಟು ಹೋದರೆ ಕಡ್ಡಿಯ ಪಾಲು. ಬ್ಯಾಟರಿ ಪೆಟ್ಟಿಗೆ ಕೀಂ ಕೀಂ ಎನ್ನುತ್ತಿತ್ತು. ಅದು ಯಂತ್ರವನ್ನು ಇಪ್ಪತ್ತೆರಡು ನಿಮಿಷ ಹಿಡಿದಿಡುತ್ತಿತ್ತು. ಅಷ್ಟರೊಳಗೆ ಕಡ್ಡಿ ಬಂದು ಕೀಲಿಮಣೆಯ ಮುಂದೆ ಕೂತು ಒಂದೊಂದನ್ನೇ ಕ್ರಮವಾಗಿ ಆರಿಸಬೇಕು. ಕರೆಂಟು ಬಂದ ಮೇಲೆ ಮೊದಲು ಡಿಸ್ಕ್ ಪೆಟ್ಟಿಗೆ ಹೊತ್ತಿಸಿ, ಎಂಟೂ ದೀಪ ಮಿಣುಕುವುದು ನಿಂತ ಮೇಲೆಯೇ ಮಿಕ್ಕ ಎರಡನ್ನು ಹೊತ್ತಿಸಬೇಕು. ತಾನಾಗಿಯೇ ಆರಿಕೊಳ್ಳುವ ಏರ್ಪಾಡು ಹೊಸ ಬ್ಯಾಟರಿ ಪೆಟ್ಟಿಗೆಗಳಲ್ಲಿ ಇರುತ್ತದಂತೆ. ನಮ್ಮದು ಹಳೆಯ ಕಾಲದ್ದು, ಬರೀ ಕೂಗಲು ಬರುತ್ತಿತ್ತು.

ಹಾಗಾಗಿ ಕಡ್ಡಿಯ ಲೋಕ ಇಪ್ಪತ್ತೆರಡು ನಿಮಿಷದ್ದಾಯಿತು. ಹೋಗುತ್ತಾ ಹನ್ನೊಂದು, ಬರುತ್ತಾ ಹನ್ನೊಂದು. ಅವಳ ಲೆಕ್ಕದ ಪ್ರಕಾರ ಹನ್ನೊಂದು ನಿಮಿಷಕ್ಕೆ ಕಾಲುನಡಿಗೆಯಲ್ಲಿ ಗ್ರಂಥಾಲಯದ ಮೆಟ್ಟಿಲು ಸಿಗುತ್ತಿತ್ತು. ಒಳಗೆ ಹೋಗಿ ಪುಸ್ತಕ ಹುಡುಕಲು ಹೊತ್ತಿಲ್ಲ. ಮೆಟ್ಟಿಲ ಮೇಲೆ ನಿಂತು ಹಳೆಯದನ್ನು ಕೊಟ್ಟು, ಅವರು ತೆಗೆದಿಟ್ಟದ್ದನ್ನು ತೆಗೆದುಕೊಂಡು ಹಿಂತಿರುಗುವಳು. ಬ್ಯಾಟರಿಗೆ ವಯಸ್ಸಾಗುತ್ತಾ ಬಂತು. ಇಪ್ಪತ್ತೆರಡು ಹದಿನೆಂಟಾಯಿತು, ಗ್ರಂಥಾಲಯ ಕೈತಪ್ಪಿತು. ಹದಿನಾಲ್ಕಾಯಿತು, ಔಷಧದ ಅಂಗಡಿಯೇ ಗಡಿಯಾಯಿತು. ಕೆಲಸವಿಲ್ಲದಿದ್ದರೂ ಅಲ್ಲಿಯವರೆಗೆ ಹೋಗಿ ಗಾಜಿನ ಬಾಗಿಲು ಮುಟ್ಟಿ ಬರುತ್ತಿದ್ದಳು. ಗೋಡೆ ಮುಟ್ಟಿ ಓಡಿಬರುವ ಆಟದಲ್ಲಿ ಮಕ್ಕಳು ಮಾಡುತ್ತಾರಲ್ಲ, ಹಾಗೆ.

ನಾನು ಎಷ್ಟೋ ಸಲ ಹೇಳಿದೆ, “ಆ ಆರಿಸೋದು ಹೊತ್ತಿಸೋದು ನನಗೂ ಹೇಳ್ಕೊಡೇ.”

“ಅಯ್ಯೋ ಬೇಡ ಅತ್ತಿಗೆ.”

“ಯಾಕೆ, ನಾನೇನು ಅದನ್ನ ತಿಂದ್ಬಿಡ್ತೀನಾ?”

ಅವಳು ಉತ್ತರ ಕೊಡುತ್ತಿರಲಿಲ್ಲ. ಯಾಕೆ ಕೊಡುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನೇ ಈಗ ಬರೆಯಬೇಕು. ಏಳು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಮಾತು.

ಯಂತ್ರ ಮನೆಗೆ ಬಂದ ಎರಡನೆಯ ಮಳೆಗಾಲ. ಬಟ್ಟೆ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ, ಮುಗ್ಗಲು ವಾಸನೆ. ಬಕೆಟ್ ಚೆಲ್ಲಲು ಒಳಕೋಣೆಗೆ ಹೋದಾಗಲೆಲ್ಲ ಯಂತ್ರದ ಬೆನ್ನ ಕಡೆಯಿಂದ ಬಿಸಿಗಾಳಿ ನುಗ್ಗಿ ಬಂದು ಕಾಲಿಗೆ ಬಡಿಯುತ್ತಿತ್ತು. ಇಸ್ತ್ರಿಪೆಟ್ಟಿಗೆಯ ಹತ್ತಿರ ನಿಂತ ಹಾಗೆ. ಇಂಥಾ ಗಾಳಿ ದಂಡವಾಗಿ ಹೋಗುತ್ತಿದೆಯಲ್ಲ ಎಂದುಕೊಂಡೆ. ಯಜಮಾನರು ಕಾಗದ ಒಣಹಾಕಲು ಹೊಡೆದಿದ್ದ ಮೊಳೆ ಗೋಡೆಯಲ್ಲಿ ಹಾಗೇ ಇತ್ತು. ಹಗ್ಗ ಕಟ್ಟಿದೆ. ಮೊದಲು ಸಣ್ಣ ಬಟ್ಟೆ ಹಾಕಿದೆ, ಅರ್ಧ ಗಂಟೆಗೆ ಒಣಗಿತು. ಕಡ್ಡಿಗೆ ಗೊತ್ತಾಗದಂತೆ ತೆಗೆದೆ. ಧೈರ್ಯ ಬಂತು. ನಾಲ್ಕನೆಯ ದಿನ ದುಪ್ಪಟಿ ಹಾಕಿದೆ.

ದುಪ್ಪಟಿ ಯಂತ್ರದ ಬೆನ್ನಿಗೆ ಅಂಟಿಕೊಂಡು ಅದು ಉಸಿರು ಬಿಡುವ ದಾರಿಯನ್ನೇ ಮುಚ್ಚಿತಂತೆ. ಅಂಚಿನಿಂದ ನೀರು ತೊಟ್ಟಿಕ್ಕಿ ಡಿಸ್ಕ್ ಪೆಟ್ಟಿಗೆಯ ಮೇಲೆ ಬಿತ್ತಂತೆ. ನನಗೆ ಗೊತ್ತಾದದ್ದು ಐದನೆಯ ಗೂಡಿನ ಹಸಿರು ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಡ್ಡಿ “ಅತ್ತಿಗೆ!” ಎಂದು ಕೂಗಿದಾಗ.

ಎಂಟರಲ್ಲಿ ಒಂದು ಡಿಸ್ಕು ಸತ್ತರೆ ಮಿಕ್ಕ ಏಳೂ ಸೇರಿ ಅದರಲ್ಲಿದ್ದದ್ದನ್ನು ಹೊಸ ಡಿಸ್ಕಿನ ಮೇಲೆ ಮತ್ತೆ ಕಟ್ಟುತ್ತವೆ. ಹೊಸದು ಮನೆಯಲ್ಲೇ ಇತ್ತು. ಲೆಕ್ಕ ಮಾಡುವ ಜನರಲ್ಲಿ ಯಾರೋ ಒಬ್ಬರು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿದ್ದರು. ಆದರೆ ಕಟ್ಟುವುದಕ್ಕೆ ಎರಡು ದಿನ ಬೇಕು. ಆ ಎರಡು ದಿನದಲ್ಲಿ ಇನ್ನೊಂದು ಸತ್ತರೆ ಎಲ್ಲವೂ ಹೋಯಿತು. ಮೂರನೆಯ ಗೂಡಿನದು ಆಗಲೇ ತೊದಲುತ್ತಿತ್ತು.

ಅದೇ ಮಧ್ಯಾಹ್ನ ದೊಡ್ಡಕ್ಕನ ಫೋನು ಬಂತು. ದೊಡ್ಡಕ್ಕ ಎಂದರೆ ಕಡ್ಡಿಗೂ ನನ್ನ ಯಜಮಾನರಿಗೂ ಹಿರಿಯಕ್ಕ. ಒಂದೂವರೆ ದಿನದ ರೈಲಿನ ದಾರಿಯ ಊರಿನಲ್ಲಿದ್ದರು, ನಮ್ಮ ಅತ್ತೆ ಅವರ ಹತ್ತಿರವೇ ಇದ್ದರು. ನಾವಿದ್ದ ಮನೆ ದೊಡ್ಡಕ್ಕನ ಹೆಸರಿನದು ಎನ್ನುವುದನ್ನೂ ಹೇಳಿಬಿಡಬೇಕು.

“ಅಮ್ಮನಿಗೆ ಉಸಿರು ಎಳೀತಿದೆ ಕಣೇ ಕಡ್ಡೀ. ನಿನ್ನನ್ನೇ ಕೇಳ್ತಿದ್ದಾಳೆ. ಈಗಲೇ ಹೊರಡು.”

ಕಡ್ಡಿ ಒಳಕೋಣೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. “ಎರಡು ದಿನ ಅಕ್ಕಾ. ಎರಡೇ ದಿನ. ಯಂತ್ರ ಕೆಟ್ಟಿದೆ.”

ಯಾಕೆ ಕೆಟ್ಟಿತು ಎಂದು ದೊಡ್ಡಕ್ಕ ಕೇಳಲಿಲ್ಲ, ಇವಳು ಹೇಳಲಿಲ್ಲ. ಎರಡನೆಯ ದಿನ, ಪರದೆಯ ಮೇಲೆ ನೂರಕ್ಕೆ ಅರವತ್ತು ಪಾಲು ಕಟ್ಟಿದ್ದಾಯಿತು ಎಂದು ತೋರಿಸುತ್ತಿದ್ದಾಗ ಮತ್ತೆ ಫೋನು ಬಂತು. ಪಕ್ಕದಲ್ಲಿದ್ದ ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು: “ನೀನಿನ್ನು ಬರೋದು ಬೇಡಮ್ಮಾ. ಯಂತ್ರಕ್ಕೆ ಜ್ವರ ಬಂದಿದೆಯಲ್ಲ, ಕೂತು ಹಾಲು ಕುಡಿಸು. ಅಮ್ಮ ಹೋದಳು.”

ಕಡ್ಡಿ ಫೋನು ಹಿಡಿದು ನಿಂತೇ ಇದ್ದಳು. ಏನು ಬೇಕಾದರೂ ಹೇಳಬಹುದಿತ್ತು. ಅತ್ತಿಗೆ ಹೀಗೆ ಮಾಡಿದರು ಎನ್ನಬಹುದಿತ್ತು. ನನ್ನ ಕೈಯಲ್ಲಿ ಆ ದುಪ್ಪಟಿ ಇತ್ತು, ಮಡಚಿ ಇಡಲೆಂದು ತೆಗೆದುಕೊಂಡಿದ್ದೆ. ಗರಿಗರಿಯಾಗಿ ಒಣಗಿತ್ತು. ಫೋನು ಇಟ್ಟ ಮೇಲೆ ಅವಳು ಹೇಳಿದ್ದು ಇಷ್ಟೇ: “ಇನ್ಮೇಲೆ ಅಲ್ಲಿ ಹಗ್ಗ ಕಟ್ಬೇಡಿ ಅತ್ತಿಗೆ.”

ಮನೆ ಬಿಟ್ಟು ಎದ್ದು ನಡೆ ಎಂದು ದೊಡ್ಡಕ್ಕ ಅಂದರೆ ನಾನು ಎಲ್ಲಿಗೆ ಹೋಗಲಿ? ಆ ಭಯದಲ್ಲಿ ನಾನು ಬಾಯಿ ಬಿಡಲಿಲ್ಲ. ನನ್ನನ್ನು ಕಾಯಲೆಂದು ಅವಳೂ ಬಾಯಿ ಬಿಡಲಿಲ್ಲ. ದೊಡ್ಡಕ್ಕ ಫೋನು ಮಾಡುವುದನ್ನೇ ನಿಲ್ಲಿಸಿದರು. ಡಿಸ್ಕು ಮಾತ್ರ ಪೂರ್ತಿ ಕಟ್ಟಿಕೊಂಡು ಹಸಿರು ದೀಪ ಹೊತ್ತಿಸಿತು.

ಹೀಗೆ ಆರು ವರ್ಷಕ್ಕೂ ಮೇಲಾಯಿತು. ಒಂದು ದಿನ, ಬೇಸಿಗೆಯ ಮೊದಲಲ್ಲಿ, ಫೋನು ಎತ್ತಿದರೆ ದೊಡ್ಡಕ್ಕ. ನನ್ನನ್ನು ಹೇಗಿದ್ದೀಯೆಂದೂ ಕೇಳದೆ “ಅವಳಿಗೆ ಕೊಡು” ಎಂದರು. ಕಡ್ಡಿ ನಾನೂ ಕೇಳಲೆಂದು ಗಟ್ಟಿ ಧ್ವನಿಗೆ ಹಾಕಿದಳು.

“ಕಡ್ಡೀ, ನನ್ನ ಕಣ್ಣು ಹೋಗ್ತಿದೆ ಕಣೇ. ಒಂದು ಆಗಲೇ ಹೋಯ್ತು. ಇನ್ನೊಂದರಲ್ಲಿ ನಟ್ಟನಡುವೆ ಕಪ್ಪು ಮಚ್ಚೆ, ದಿನಾ ದೊಡ್ಡದಾಗ್ತಾ ಇದೆ. ಮಳೆಗಾಲದೊಳಗೆ ಪೂರ್ತಿ ಅಂದ್ರು ಡಾಕ್ಟ್ರು. ಸಿಟ್ಟೆಲ್ಲ ಆಮೇಲೆ ಇಟ್ಕೊಳ್ಳೋಣ. ಒಂದ್ಸಲ ಬಂದು ಮುಖ ತೋರಿಸಿ ಹೋಗು.”

ಕಡ್ಡಿ ಮೂಗು ಒರೆಸಿಕೊಂಡಳು. “ಬರ್ತೀನಿ ಅಕ್ಕಾ. ಮುಗೀತಾ ಬಂತು. ನಾಲ್ಕು ಲಕ್ಷ ಲೆಕ್ಕದಲ್ಲಿ ಹನ್ನೊಂದೇ ಉಳಿದಿರೋದು. ಅದೊಂದು ಮುಗಿದ್ರೆ ಎಲ್ಲಾನೂ ಮದ್ದು ಹುಡುಕೋ ಸಂಶೋಧನೆಯವರಿಗೆ ಕಳಿಸಿ, ಆರಿಸಿ ಬಂದ್ಬಿಡ್ತೀನಿ.”

ನನಗೂ ಜೀವ ಬಂತು. ನಾಲ್ಕು ಲಕ್ಷ ಮುಗಿಸಿದವರಿಗೆ ಹನ್ನೊಂದು ಯಾವ ಮಹಾ?

ದೊಡ್ಡಕ್ಕ ವಾರಕ್ಕೊಮ್ಮೆ ಫೋನು ಮಾಡತೊಡಗಿದರು.

“ಎಷ್ಟಾಯ್ತೇ?”

“ಹನ್ನೊಂದು ಅಕ್ಕಾ.”

ಮುಂದಿನ ವಾರ, “ಈಗ?”

“ಹನ್ನೊಂದೇ.”

“ಹೋದ ವಾರಾನೂ ಹನ್ನೊಂದೇ ಅಂದೆಯಲ್ಲೇ! ನಿನ್ನ ಯಂತ್ರಕ್ಕೆ ಹತ್ತು ಅಂತ ಒಂದು ಅಂಕಿ ಇದೆ ಅಂತ ಗೊತ್ತಿಲ್ವೇನೇ?”

ಬಕೆಟ್ ಚೆಲ್ಲಲು ಹೋದಾಗಲೆಲ್ಲ ನಾನು ಪರದೆ ನೋಡುತ್ತಿದ್ದೆ. ಇಂಗ್ಲಿಷು ಬಾರದಿದ್ದರೂ ಎರಡು ಕಡ್ಡಿ ಅಕ್ಕಪಕ್ಕ ನಿಂತಿದ್ದರೆ ಹನ್ನೊಂದು ಎಂದು ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದರೆ ಆ ಎರಡು ಕಡ್ಡಿ, ಊಟಕ್ಕೆ ಮುಂಚೆ ಆ ಎರಡು ಕಡ್ಡಿ. ಸೆಕೆ ಏರಿತು, ಕರೆಂಟು ದಿನಕ್ಕೆ ಮೂರು ಸಲ ಹೋಗತೊಡಗಿತು. ಬ್ಯಾಟರಿ ಒಂಬತ್ತು ನಿಮಿಷಕ್ಕೆ ಇಳಿಯಿತು. ಕಡ್ಡಿ ಈಗ ಔಷಧದ ಅಂಗಡಿಗೂ ಹೋಗುವಂತಿಲ್ಲ. ಗೇಟಿನವರೆಗೆ ಹೋಗಿ ಕಂಬಿ ಹಿಡಿದು ನಿಂತು ಬೀದಿ ನೋಡುವಳು. ಹೋಗುವವರು ಬರುವವರು “ಬಾಗಿಲು ಹಾಕಿ ಅವರೇ, ಯಾರನ್ನ ಕಾಯ್ತಿದ್ದೀರಿ?” ಎಂದು ತಮಾಷೆ ಮಾಡುವರು. ಕೀಂ ಎಂದೊಡನೆ ಒಳಗೆ ಓಡುವಳು. ಓಡುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ನನಗೆ ಅದು ಆಗ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವರು ಗಡಿಯಾರ ರಿಪೇರಿಯವರು. ಅವರು ಬೇರೊಂದು ಊರಿನವರು, ಮೊದಲ ದಿನದಿಂದಲೂ ನಮ್ಮ ಲೆಕ್ಕ ಮಾಡುತ್ತಾ ಬಂದವರು. ಅಂಗಡಿಯ ಹಿಂದೆ ನಾಲ್ಕು ಕಂಪ್ಯೂಟರ್ ಇಟ್ಟಿದ್ದಾರಂತೆ. ಆಗಾಗ ಫೋನು ಮಾಡಿ ಕಡ್ಡಿಯ ಹತ್ತಿರ ಮಾತಾಡುತ್ತಿದ್ದರು. ಆ ದಿನ ಕಡ್ಡಿ ಸ್ನಾನಕ್ಕೆ ಹೋಗಿದ್ದಳು, ನಾನು ಎತ್ತಿದೆ.

“ಮೇಡಂ ಇಲ್ವಾ? ಪರವಾಗಿಲ್ಲ, ನೀವೇ ಒಂದು ಮಾತು ಹೇಳಿಬಿಡಿ. ಆ ಒಂದು ಲೆಕ್ಕ ನನಗೆ ನಲವತ್ತೊಂದನೇ ಸಲ ಬಂತು ಅಂತ ಹೇಳಿ.”

“ಯಾವ ಲೆಕ್ಕ?”

“ಅದೇ ತಾಯಿ, ಕೊನೇ ಹನ್ನೊಂದರಲ್ಲಿ ಒಂದು. ಅವು ತಾಳೆ ಬೀಳೋ ಜಾತಿಯವಲ್ಲ. ನನ್ನ ಒಂದೇ ಕಂಪ್ಯೂಟರಿಗೆ ಎರಡು ಸಲ ಕೊಟ್ಟು ನೋಡ್ದೆ, ಎರಡು ಸಲಾನೂ ಬೇರೆ ಉತ್ತರ. ಕೆಲವು ಗಡಿಯಾರ ಹಾಗೇ ಇರ್ತವೆ, ಎಷ್ಟು ರಿಪೇರಿ ಮಾಡಿದ್ರೂ ಎರಡು ದಿನ ಒಂದೇ ಥರ ಓಡಲ್ಲ. ಅಂಥವನ್ನ ಹತ್ತು ಸಲಕ್ಕೆ ಬಿಟ್ಬಿಡಬೇಕು. ಮೇಡಂ ಆ ಹತ್ತನ್ನ ತೆಗೆದು ಹತ್ತು ಸಾವಿರ ಮಾಡಿ ಕೂತಿದ್ದಾರೆ. ನಾನು ಮೂರು ಸಲ ಬರೆದೆ, ಮೂರು ಸಲಾನೂ ‘ನೋಡ್ತೀನಿ’ ಅಂತ ಒಂದೇ ಉತ್ತರ. ಅದು ಮಾತ್ರ ಸರಿಯಾಗಿ ತಾಳೆ ಬೀಳುತ್ತೆ ನೋಡಿ.” ಹೇಳಿ ನಕ್ಕರು.

ನನಗೆ ನಗು ಬರಲಿಲ್ಲ. ಫೋನು ಇಟ್ಟು ಅಲ್ಲೇ ಗೋಡೆಗೆ ಒರಗಿ ಕೂತೆ. ಗೋಡೆಯೊಳಗಿಂದ ಆ ಕೂಗು ಬೆನ್ನಿಗೆ ನಡುಕವಾಗಿ ತಾಕುತ್ತಿತ್ತು.

ಕಡ್ಡಿ ತಲೆ ಒರೆಸಿಕೊಳ್ಳುತ್ತಾ ಬಂದಳು.

“ಆ ಹತ್ತನ್ನ ಹತ್ತು ಸಾವಿರ ಮಾಡಿದ್ದು ಯಾರೇ?” ಎಂದೆ.

ಅವಳ ಕೈ ನಿಂತಿತು. “ಫೋನ್ ಬಂದಿತ್ತಾ?”

“ಕೇಳಿದ್ದಕ್ಕೆ ಹೇಳು.”

“ನಾನೇ. ಎರಡು ವರ್ಷ ಆಯ್ತು. ಪಾಪ ಜನ ಎಷ್ಟು ಕಷ್ಟಪಟ್ಟು ಮಾಡಿರ್ತಾರೆ, ಹತ್ತು ಸಲಕ್ಕೇ ಕಸಕ್ಕೆ ಹಾಕೋದು ಬೇಡ ಅಂತ ಮಾಡ್ದೆ. ಆಗ ಸುಮಾರು ಲೆಕ್ಕ ಹದಿನೈದನೇ ಸಲಕ್ಕೆ, ಇಪ್ಪತ್ತನೇ ಸಲಕ್ಕೆ ತಾಳೆ ಬಿದ್ವು ಕೂಡ.”

“ಈ ಹನ್ನೊಂದು ಬೀಳಲ್ಲ ಅಂತ ಯಾವಾಗ ಗೊತ್ತಾಯ್ತು?”

ಅವಳು ಟವಲನ್ನು ಮಡಚಿದಳು, ಬಿಚ್ಚಿ ಮತ್ತೆ ಮಡಚಿದಳು. “ಅಕ್ಕ ಫೋನ್ ಮಾಡೋಕೆ ಮುಂಚೇನೇ.”

“ಗೊತ್ತಿದ್ದೂ ಅಷ್ಟು ವಾರ ಹನ್ನೊಂದು ಹನ್ನೊಂದು ಅಂತ ಅವರ ಕಿವಿಗೆ ಊದ್ತಾ ಇದ್ಯಾ? ಅಲ್ಲಿ ಅವರ ಕಣ್ಣು ಆರ್ತಾ ಇದೆ ಕಣೇ!”

“ಮುಗಿದ್ರೆ ಹೋಗ್ಬೇಕಾಗುತ್ತಲ್ಲ ಅತ್ತಿಗೆ.” ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ಫ್ಯಾನುಗಳ ಸದ್ದಿನಲ್ಲಿ ತುಟಿ ನೋಡಿ ತಿಳಿದುಕೊಳ್ಳಬೇಕಾಯಿತು. “ಹೋದ್ರೆ ಅಕ್ಕ ಕೇಳೇ ಕೇಳ್ತಾಳೆ, ಅಮ್ಮನಿಗಿಂತ ಆ ಡಬ್ಬ ಹೆಚ್ಚಾಯ್ತಾ ಅಂತ. ಏನು ಹೇಳ್ಲಿ? ಹೌದು ಅಂದ್ರೆ ಸುಳ್ಳು. ಅಲ್ಲ ಅಂದ್ರೆ ದುಪ್ಪಟಿ ವಿಷಯ ಬರುತ್ತೆ. ಇಲ್ಲೇ ಇದ್ರೆ ಎರಡೂ ಹೇಳ್ಬೇಕಾಗಿಲ್ಲ.”

ತಾನು ಮುಚ್ಚಿದ ಬಾಗಿಲಿನ ಹಿಂದೆ ತಾನೇ ಕೂತಿದ್ದಳು. ಅಗುಳಿ ಹಾಕಿಕೊಟ್ಟವಳು ನಾನು. ಇಷ್ಟು ವರ್ಷ ಅವಳ ಯಂತ್ರದಿಂದ ನನಗೆ ಸೆರೆವಾಸ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಸುಳ್ಳು ಹೇಳಿ ಏನು ಪ್ರಯೋಜನ, ಕೆಲವು ಸಲ ಹೊರಗೂ ಬೈದಿದ್ದೇನೆ.

ಎದ್ದು ಫೋನು ತೆಗೆದುಕೊಂಡೆ. ಕಡ್ಡಿ “ಅತ್ತಿಗೆ, ಬೇಡ” ಎಂದು ಕೈ ಹಿಡಿದಳು. ಕಡ್ಡಿಯ ಕೈ ತಾನೇ, ಬಿಡಿಸಿಕೊಂಡೆ.

“ದೊಡ್ಡಕ್ಕಾ, ನಾನು. ಒಂದು ಮಾತು ಹೇಳ್ಬೇಕು. ನಡುವೆ ಬಾಯಿ ಹಾಕ್ಬೇಡಿ, ಆಮೇಲೆ ನನಗೆ ಹೇಳೋಕಾಗಲ್ಲ.”

ಹೇಳಿದೆ. ಮಳೆ, ಮುಗ್ಗಲು, ಮೊಳೆ, ಹಗ್ಗ, ದುಪ್ಪಟಿ, ಐದನೆಯ ಗೂಡು. ಅತ್ತೆಯ ಹತ್ತಿರ ಅವಳು ಬರದಂತೆ ಮಾಡಿದ್ದು ನಾನು. ಅವಳು ನನ್ನ ಹೆಸರು ಎತ್ತದೆ ನಿಮ್ಮ ಮಾತು ನುಂಗಿಕೊಂಡಳು. ಮನೆ ನಿಮ್ಮದು, ಏನು ಮಾಡುತ್ತೀರೋ ಮಾಡಿ.

ಮುಗಿಯುವವರೆಗೂ ದೊಡ್ಡಕ್ಕ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದರು.

“ದುಪ್ಪಟಿ ಒಣಗಿತಾ?”

“ಆಂ?”

“ಒಣಗಿತಾ ಅಂತ ಕೇಳ್ದೆ.”

“ಒಣಗಿತ್ತು ದೊಡ್ಡಕ್ಕ.”

“ಸದ್ಯ, ಅಷ್ಟಾದ್ರೂ ಆಯ್ತಲ್ಲ.” ಅತ್ತರೋ, ಮೂಗು ಸೀನಿದರೋ ಗೊತ್ತಾಗಲಿಲ್ಲ. “ಒಂದು ದುಪ್ಪಟಿಗೆ ಏಳು ವರ್ಷ. ನೀನಲ್ಲಿ, ಅವಳಲ್ಲಿ, ನಾನಿಲ್ಲಿ. ಬುದ್ಧಿ ಇಲ್ದವಳೇ, ಅವತ್ತೇ ಹೇಳಿದ್ರೆ ಒಂದು ತಿಂಗಳು ಬೈದು ಸುಮ್ಮನಾಗ್ತಿದ್ದೆ. ಬಾ ಇಲ್ಲಿಗೆ, ನಿನ್ನ ನೋಡ್ಕೋತೀನಿ. ನೋಡೋಕೆ ಕಣ್ಣಿದ್ರೆ. ಫೋನ್ ಅವಳಿಗೆ ಕೊಡು.”

ಕಡ್ಡಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಈ ಸಲ ಅವಳು ಗಟ್ಟಿ ಧ್ವನಿಗೆ ಹಾಕಲಿಲ್ಲ. ಬರೀ “ಹೂಂ” ಎನ್ನುತ್ತಿದ್ದಳು. ಐದಾರು ಹೂಂ ಆದ ಮೇಲೆ ಒಂದು ಸಲ “ನಾನೂ” ಎಂದಳು.

ಮಾರನೆಯ ಬೆಳಿಗ್ಗೆ ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ನನ್ನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಹತ್ತು ಸಾವಿರದ ಸೊನ್ನೆಗಳನ್ನು ಒಂದೊಂದೇ ಅಳಿಸಿದಳು. ಒಂದು, ಎರಡು, ಮೂರು. ಹತ್ತು ಉಳಿ­ಯಿತು. ಬೆರಳು ಅಲ್ಲೇ ನಿಂತುಬಿಟ್ಟಿತು. ಯಾರಾದರೂ ಒಬ್ಬರು ಒತ್ತಬೇಕಿತ್ತು, ಒತ್ತಲು ನನಗೆ ಬರುವುದಿಲ್ಲ.

“ಬಕೆಟ್ ತುಂಬಿದೆ” ಎಂದೆ.

ಅವಳು ಒತ್ತಿದಳು. ಹನ್ನೊಂದು ಸಾಲು ಒಂದಾದ ಮೇಲೊಂದು ಕೆಂಪಾದವು. ಅಲ್ಲಿ ಏನು ಬರೆದಿದೆ ಎಂದು ಕೇಳಿದೆ. “ಬಗೆಹರಿಯಲಿಲ್ಲ ಅಂತ” ಎಂದಳು. ಎರಡು ಕಡ್ಡಿ ಇದ್ದ ಜಾಗದಲ್ಲಿ ಒಂದು ಸೊನ್ನೆ ಬಂದು ಕೂತಿತು.

ಸಂಶೋಧನೆಯವರಿಗೆ ಎಲ್ಲ ಉತ್ತರಗಳನ್ನೂ ತಂತಿಯ ಮೇಲೆ ಕಳಿಸಲು ನಾಲ್ಕು ದಿನ ಹಿಡಿಯಿತು. ಅವರು ಹನ್ನೊಂದು ಕಡೆ ಖಾಲಿ ಇದ್ದರೂ ನಡೆಯುತ್ತದೆ, ಹಾಗೆಂದು ಗುರುತು ಹಾಕಿದ್ದರೆ ಸಾಕು ಎಂದರಂತೆ. ಮೂವತ್ತು ಸಾವಿರ ಜನರಿಗೂ ಕಡ್ಡಿ ಒಂದು ಪತ್ರ ಬರೆದಳು. ಗಡಿಯಾರ ರಿಪೇರಿಯವರು ಉತ್ತರ ಬರೆದರು: “ನಲವತ್ತೆರಡನೇ ಸಲ ಬರಲಿಲ್ಲ. ಬೇಜಾರಾಯಿತು.”

ಆರಿಸಿದ ದಿನ ಆದದ್ದು ನನಗೆ ಮರೆಯುವುದಿಲ್ಲ. ಕ್ರಮವಾಗಿ ಎರಡು ಸೂಟ್‌ಕೇಸು, ಆಮೇಲೆ ಡಿಸ್ಕ್ ಪೆಟ್ಟಿಗೆ. ಫ್ಯಾನುಗಳು ತಿರುಗಿ ತಿರುಗಿ ನಿಧಾನವಾಗಿ, ಒಂದು ನಿಟ್ಟುಸಿರಿನ ಹಾಗೆ ಬಂದು ನಿಂತವು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಯಾವಾಗಿನಿಂದ ತೊಟ್ಟಿಕ್ಕುತ್ತಿತ್ತೋ ಏನೋ. ಪಕ್ಕದ ಮನೆಯಾಕೆ ಕೆಮ್ಮಿದ್ದು ಕೇಳಿಸಿತು. “ಅತ್ತಿಗೆ, ನಿಮ್ಮ ದನಿ ಇಷ್ಟು ಗಟ್ಟಿನಾ?” ಎಂದು ಕಡ್ಡಿ ಕಿವಿ ಮುಚ್ಚಿಕೊಂಡಳು. ಇಬ್ಬರಿಗೂ ಆ ಮೌನದಲ್ಲಿ ಕೂರಲಾಗಲಿಲ್ಲ. ಚೀಲ ಹಿಡಿದು ರೈಲಿಗೆ ಮೂರು ಗಂಟೆ ಮುಂಚೆಯೇ ಹೊರಟೆವು.

ಔಷಧದ ಅಂಗಡಿ ದಾಟಿ ಗ್ರಂಥಾಲಯದ ಮೆಟ್ಟಿಲ ಹತ್ತಿರ ಬಂದಾಗ ಕಡ್ಡಿ ಕೈಗಡಿಯಾರ ನೋಡಿ ನಿಂತುಬಿಟ್ಟಳು. ಕಾಲು ಕೀಳಲಿಲ್ಲ.

“ಏನೇ?”

“ಹನ್ನೊಂದು ನಿಮಿಷ ಆಯ್ತು ಅತ್ತಿಗೆ.”

“ಆದ್ರೇನು, ಹನ್ನೆರಡನೇದೂ ಆಗುತ್ತೆ, ಬಾ” ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಮಗುವನ್ನು ಶಾಲೆಗೆ ಎಳೆದುಕೊಂಡು ಹೋಗುವ ಹಾಗೆ. ರೈಲಿನಲ್ಲಿಯೂ ಅವಳು ಸರಿಯಾಗಿ ಕೂರಲಿಲ್ಲ. ಯಾರದೋ ಫೋನು ಕೀಂ ಎಂದರೆ ಎದ್ದು ನಿಲ್ಲುವಳು.

ನಾವು ದೊಡ್ಡಕ್ಕನ ಮನೆ ಸೇರುವ ಹೊತ್ತಿಗೆ ಮಳೆಗಾಲದ ಮೊದಲ ಮೋಡ ಬಂದಿತ್ತು. ಒಳಗೆ ಹೋದವಳೇ ಕಡ್ಡಿ ಅಭ್ಯಾಸಬಲದಿಂದ ಹಿಂದೆ ತಿರುಗಿ ಬಾಗಿಲು ಹಾಕಿದಳು. ದೊಡ್ಡಕ್ಕ ಮಂಚದ ಮೇಲೆ ಕೂತಿದ್ದರು. ಕಡ್ಡಿ ಹೋಗಿ ಎದುರಿಗೆ ಮೊಣಕಾಲೂರಿ ಕೂತು ಮುಖವನ್ನು ಮುಂದಕ್ಕೆ ಹಿಡಿದಳು. ದೊಡ್ಡಕ್ಕನ ಕಣ್ಣು ಅವಳ ಮೇಲೇ ಇತ್ತು, ಆದರೆ ಅಲ್ಲಿ ಏನೂ ಆಗಲಿಲ್ಲ. ಗೋಡೆ ನೋಡುವ ಹಾಗೆ ನೋಡುತ್ತಿದ್ದರು. ಆ ಹನ್ನೊಂದು ನಮ್ಮನ್ನು ತಿಂದೇಬಿಟ್ಟವು ಎಂದುಕೊಂಡೆ.

“ಎದುರಿಗೆ ಕೂತ್ಯಾ?” ಎಂದರು ದೊಡ್ಡಕ್ಕ. “ಎದುರಿಗೆ ಕೂರ್ಬೇಡ ಕಣೇ. ಎದುರಿಗಿದ್ರೆ ನೀನಿಲ್ಲ, ಬರೀ ಕಪ್ಪು. ಪಕ್ಕಕ್ಕೆ ಬಾ. ಇನ್ನೂ ಪಕ್ಕಕ್ಕೆ. ಇನ್ನೊಂಚೂರು.”

ಕಡ್ಡಿ ಮೊಣಕಾಲಿನ ಮೇಲೇ ಸರಿದು ಮಂಚದ ತಲೆಯ ಕಡೆ ಹೋದಳು. ದೊಡ್ಡಕ್ಕ ತಲೆ ತಿರುಗಿಸಲಿಲ್ಲ, ನೇರ ಗೋಡೆಯನ್ನೇ ನೋಡುತ್ತಿದ್ದರು. ಓರೆಗಣ್ಣಿನ ಅಂಚಿನಲ್ಲಿ ಒಂದಿಷ್ಟು ಬೆಳಕು ಉಳಿದಿತ್ತಂತೆ.

“ಹಾಂ. ಅಲ್ಲಾಡ್ಬೇಡ. ಸಿಕ್ಕಿದೆ.” ತುಂಬಾ ಹೊತ್ತು ಹಾಗೇ ಇದ್ದರು. “ಅಯ್ಯೋ, ಕೂದಲೆಲ್ಲ ಬಿಳಿ ಮಾಡ್ಕೊಂಡ್ಯಲ್ಲೇ. ಅಮ್ಮನ ಥರಾನೇ ಆಗಿದ್ದೀಯ.”

ಕಡ್ಡಿ ಅತ್ತರೆ ಮುಖ ಅಲ್ಲಾಡುತ್ತದೆಂದು ಅಳದೆ ಕೂತಿದ್ದಳು. ನೀರು ಮಾತ್ರ ಇಳಿಯುತ್ತಿತ್ತು.

“ಇನ್ನೊಬ್ಬಳು ಎಲ್ಲಿ? ನೋಡ್ಕೋತೀನಿ ಅಂದಿದ್ದೆನಲ್ಲ. ಬಾರೇ, ನೀನು ಈ ಕಡೆಯಿಂದ ಬಾ.”

ನಾನು ಕಡ್ಡಿಯ ಹಿಂದೆ ಮಂಡಿಯೂರಿ ಅವಳ ಭುಜದ ಮೇಲಿಂದ ಮುಖ ಹಾಕಿದೆ. ಸ್ವಲ್ಪ ಸರಿದರೆ ಇಬ್ಬರೂ ಮಾಯವಾಗುತ್ತಿದ್ದೆವು. ಹಾಗಾಗಿ ಸರಿಯುವಂತಿಲ್ಲ. ಮಂಡಿ ನೋಯುತ್ತಿತ್ತು, ಕಾಲು ಜೋಮು ಹಿಡಿಯಿತು. ಅಷ್ಟರಲ್ಲಿ ಹೊರಗೆ ದಪ್ಪ ಹನಿ ಬೀಳತೊಡಗಿದವು. ಅಂಗಳದ ಹಗ್ಗದ ಮೇಲೆ ಬಟ್ಟೆ ಇದ್ದದ್ದನ್ನು ಬರುವಾಗ ನೋಡಿದ್ದೆ. ನನಗೆ ಗೊತ್ತಿಲ್ಲದೆಯೇ ನಾನು ಅರ್ಧ ಎದ್ದಿದ್ದೆ.

“ಎಲ್ಲಿಗೆ?” ಎಂದರು ದೊಡ್ಡಕ್ಕ.

“ಬಟ್ಟೆ ನೆನೀತಿದೆ ದೊಡ್ಡಕ್ಕ, ಎತ್ತಿಹಾಕಿ ಬರ್ತೀನಿ.”

“ನೀನು ಮಾತ್ರ ಬಟ್ಟೆ ತಂಟೆಗೆ ಹೋಗ್ಬೇಡ ತಾಯಿ,” ಎಂದರು. “ನೆನೀಲಿ. ಕೂತ್ಕೋ.”

ಕೂತೆ.